ಸೇಡಂ ರಸ್ತೆಯ ಕ್ಯಾನ್ ನೀರು: ರುಚಿಗೆ ಕೊರತೆಯಿಲ್ಲ, ಕ್ಯಾನ್‌ಗಳದ್ದೇ ಆತಂಕ

ಕಲಬುರಗಿಯ ಸೇಡಂ ರಸ್ತೆಯಲ್ಲಿರುವ ಘಟಕವೊಂದರಿಂದ ನಮ್ಮ ಮನೆಗೆ 20 ಲೀಟರಿನ ಕ್ಯಾನ್ ನೀರು ಬರುತ್ತದೆ. ಹೇಳಿದ ಹೊತ್ತಿಗೆ ತಂದಿಡುತ್ತಾರೆ, ಕೊಳವೆಬಾವಿಯ ಸವುಳು ಇರುವುದಿಲ್ಲ, ತರುವ ಹುಡುಗರ ನಡವಳಿಕೆಯೂ ಚೆನ್ನ. ನನ್ನ ಆತಂಕವಿರುವುದು ನೀರು ತುಂಬಿ ಕೊಡುವ ಕ್ಯಾನಿನ ಬಗ್ಗೆ.

ಗೀರು ಬಿದ್ದು ಮಸುಕಾದ ಕ್ಯಾನ್‌ಗಳೇ ಮತ್ತೆ ಮತ್ತೆ ಬರುತ್ತವೆ. ಉಷ್ಣಾಂಶ 40 ಡಿಗ್ರಿ ದಾಟುವ ಬೇಸಿಗೆಯಲ್ಲೂ ತುಂಬಿದ ಕ್ಯಾನ್‌ಗಳು ತೆರೆದ ಟಂಟಂ ಗಾಡಿಯಲ್ಲಿ ಮಧ್ಯಾಹ್ನದವರೆಗೆ ಬಿಸಿಲಿನಲ್ಲೇ ಇರುತ್ತವೆ. ಬಿಸಿಲು, ಶಾಖ ಮತ್ತು ತಿಕ್ಕಾಟದಿಂದ ಪ್ಲಾಸ್ಟಿಕ್ ಸವೆದು, ಕಣ್ಣಿಗೆ ಕಾಣದ ಕಣಗಳಾಗಿ ನೀರಿಗೆ ಸೇರುತ್ತದೆ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ಅಲ್ಲಿನ ಮೂರು ಬ್ರ್ಯಾಂಡ್‌ಗಳ ಬಾಟಲಿ ನೀರನ್ನು ಪರೀಕ್ಷಿಸಿದಾಗ ಲೀಟರಿಗೆ ಸರಾಸರಿ 2.4 ಲಕ್ಷ ಕಣಗಳು ಕಂಡುಬಂದವು; ಅವುಗಳಲ್ಲಿ ಸುಮಾರು ಶೇ 90ರಷ್ಟು ಒಂದು ಮೈಕ್ರಾನಿಗಿಂತ, ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತ, ಚಿಕ್ಕವು. ಬಾಟಲಿಯ ಪ್ಲಾಸ್ಟಿಕ್ ಜೊತೆಗೆ, ಶುದ್ಧೀಕರಣದ ಪೊರೆಯಿಂದ ಬಂದಿರಬಹುದಾದ ಪಾಲಿಅಮೈಡ್ ಎಂಬ ಪ್ಲಾಸ್ಟಿಕ್ ಕೂಡ ಅದರಲ್ಲಿತ್ತು. ಆರ್‌ಓ ಎಂದರೂ ಇಂಥ ಪೊರೆಯ ಮೂಲಕ ನೀರನ್ನು ಸೋಸುವುದೇ. ಹಾಗಾಗಿ ‘ನಮ್ಮದು ಆರ್‌ಓ ನೀರು’ ಎಂಬ ಘಟಕದವರ ಉತ್ತರ ನನಗೆ ಸಾಲದು.

ಅದೇ ವರ್ಷ ಪ್ರಕಟವಾದ ಇಟಲಿಯ ಅಧ್ಯಯನವೊಂದು ಕುತ್ತಿಗೆಯ ರಕ್ತನಾಳದಿಂದ ತೆಗೆದ ಕೊಬ್ಬಿನ ಪದರವನ್ನು ಪರೀಕ್ಷಿಸಿತು. ಅದರಲ್ಲಿ ಪ್ಲಾಸ್ಟಿಕ್ ಕಣಗಳು ಸಿಕ್ಕ ರೋಗಿಗಳಿಗೆ, ಸಿಗದವರಿಗಿಂತ, ಮುಂದಿನ ಸುಮಾರು ಮೂರು ವರ್ಷಗಳಲ್ಲಿ ಹೃದಯಾಘಾತ, ಪಾರ್ಶ್ವವಾಯು ಅಥವಾ ಸಾವಿನ ಅಪಾಯ ನಾಲ್ಕೂವರೆ ಪಟ್ಟು ಹೆಚ್ಚಿತ್ತು. ಕಣಗಳೇ ಕಾರಣವೆಂದು ಇದರಿಂದ ಸಾಬೀತಾಗುವುದಿಲ್ಲ. ಕುಡಿಯುವ ನೀರಿನ ಕಣಗಳ ಬಗ್ಗೆ ಪುರಾವೆ ಸಾಲದೆಂದು ವಿಶ್ವ ಆರೋಗ್ಯ ಸಂಸ್ಥೆಯೂ 2019ರಲ್ಲಿ ಹೇಳಿದೆ. ಆದರೂ ಮಕ್ಕಳು ದಿನವಿಡೀ ಕುಡಿಯುವ ನೀರಿನ ವಿಷಯದಲ್ಲಿ ಪುರಾವೆ ಪೂರ್ತಿಯಾಗುವವರೆಗೆ ಕಾಯಲು ನನಗೆ ಮನಸ್ಸಿಲ್ಲ. 2024ರ ನವೆಂಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವೇ ಪ್ಯಾಕೇಜ್ಡ್ ಕುಡಿಯುವ ನೀರನ್ನು ಹೆಚ್ಚು ಅಪಾಯದ ಆಹಾರಗಳ ವರ್ಗಕ್ಕೆ ಸೇರಿಸಿದ ಮೇಲೆ, ಗಾಡಿಗೆ ಒಂದು ತಾಡಪತ್ರಿ ಹೊದಿಸುವುದು, ಹಳೆಯ ಕ್ಯಾನ್‌ಗಳನ್ನು ತೆಗೆದುಹಾಕುವುದು ಘಟಕದವರಿಗೆ ಭಾರವಾಗಬಾರದು. ಕೇಳಿದವರಿಗೆ ಬದಲಿ ಕ್ಯಾನ್ ಕೊಡುತ್ತಾರೆ ನಿಜ, ಕೇಳದವರಿಗೂ ಕೊಡಬೇಕು.

ಸುಣ್ಣದಂಶ ಹೆಚ್ಚಿರುವ ನೀರನ್ನು ಕುದಿಸಿ ಸೋಸಿದರೆ, ಗಟ್ಟಿಯಾಗುವ ಸುಣ್ಣವು ಈ ಕಣಗಳನ್ನು ಶೇ 90ರವರೆಗೂ ಹಿಡಿದಿಡಬಲ್ಲದೆಂದು ಚೀನಾದ ಸಂಶೋಧಕರು 2024ರಲ್ಲಿ ತೋರಿಸಿದ್ದಾರೆ. ಸುಣ್ಣಕಲ್ಲಿನ ಸೀಮೆಯಾದ ನಮ್ಮಲ್ಲಿ ಗಡಸು ನೀರಿಗೆ ಬರವಿಲ್ಲ. ಲವಣ ಕಳೆದ ಆರ್‌ಓ ನೀರಿಗೆ ಮಾತ್ರ ಈ ಉಪಾಯ ಅಷ್ಟಾಗಿ ಒದಗದು.

ಸಮಯಪಾಲನೆ ಮತ್ತು ರುಚಿಗಾಗಿ ಐದಕ್ಕೆ ಮೂರು ಅಂಕ ಕೊಡುತ್ತೇನೆ. ಇವರಲ್ಲಿ ನೀರು ತರಿಸುವವರು ಬೆಳಗಿನ ಮೊದಲ ಗಾಡಿಯಲ್ಲೇ ಕಳಿಸಲು ಹೇಳಿ, ಗೀರಿಲ್ಲದ ಕ್ಯಾನನ್ನೇ ಇಳಿಸಿಕೊಂಡು, ಬಂದ ಕೂಡಲೇ ನೀರನ್ನು ಮಣ್ಣಿನ ಹರವಿಗೆ ಸುರಿದುಕೊಳ್ಳಬೇಕು.