ಹತ್ತೊಂಬತ್ತೂವರೆ ಸಾವಿರದ ಯೋಕ್, ಮೂರು ಸಾವಿರಕ್ಕೂ ಕಡಿಮೆಯ ಜಾಯ್‌ಸ್ಟಿಕ್

ನನ್ನ ಪಕ್ಷಪಾತವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕಂಪ್ಯೂಟರಿನ ಸಿಮ್ಯುಲೇಟರಿನಲ್ಲಿ ವಿಮಾನ ಹಾರಿಸಲೆಂದು 2,800 ರೂಪಾಯಿಗೆ ಕೊಂಡ ಹಳೆಯ ಜಾಯ್‌ಸ್ಟಿಕ್ ಇಂದಿಗೂ ನನ್ನ ಮೇಜಿನ ಮೇಲಿದೆ. 19,500 ಕೊಟ್ಟು ತಂದ ಹೊಸ ಯೋಕ್, ಅಂದರೆ ತಿರುಗಿಸುವ, ಹಿಂದೆ-ಮುಂದೆ ಎಳೆಯುವ ವಿಮಾನದ ಸ್ಟೀರಿಂಗ್, ಏಳು ತಿಂಗಳು ನಮ್ಮ ಮನೆಯ ಅನ್ನ ತಿಂದು ಬೇರೆಯವರ ಮನೆ ಸೇರಿತು. ಯೋಕ್ ಕೊಳ್ಳಲೇಬೇಡಿ ಎಂದು ಯಾರಿಗೂ ಹೇಳಲಾರೆ. ಕೊಳ್ಳುವ ಮುನ್ನ ಮೊಬೈಲ್ ಪಕ್ಕಕ್ಕಿಟ್ಟು, ನಿಮ್ಮ ಮೇಜಿನ ಅಡಿಗೆ ಒಮ್ಮೆ ಬಗ್ಗಿ ನೋಡಿ. ಏಕೆಂದು ಮುಂದೆ ತಿಳಿಯುತ್ತದೆ.

ಮನೆ ಇರುವುದು ಮುರುಗೇಶಪಾಳ್ಯದಲ್ಲಿ. ಎಚ್‌ಎಎಲ್ ರನ್‌ವೇಯ ಪಶ್ಚಿಮದ ತುದಿ ನಮಗೆ ಹತ್ತಿರ. 2008ರ ಮೇ ತಿಂಗಳಲ್ಲಿ ಪ್ರಯಾಣಿಕರ ವಿಮಾನಗಳೆಲ್ಲ ದೇವನಹಳ್ಳಿಯ ದಾರಿ ಹಿಡಿದವು. ಆದರೂ ಧ್ರುವ್ ಹೆಲಿಕಾಪ್ಟರಿನ ಪಟಪಟ, ಆಗೊಮ್ಮೆ ಈಗೊಮ್ಮೆ ತೇಜಸ್‌ನ ಗುಡುಗು ಇನ್ನೂ ಉಳಿದಿವೆ. ಸದ್ದು ಕೇಳಿದ ಕೂಡಲೇ ಊಟದ ತಟ್ಟೆ ಬಿಟ್ಟು ತಾರಸಿಗೆ ಓಡುವವನಿಗೆ ಸಿಮ್ಯುಲೇಟರಿನ ಹುಚ್ಚು ಹಿಡಿಯುವುದಕ್ಕೆ ಹೆಚ್ಚು ದಿನ ಬೇಕಾಗಲಿಲ್ಲ. ಹಳೆಯ ಲ್ಯಾಪ್‌ಟಾಪಿನಲ್ಲಿ ಕಾಸಿಲ್ಲದೆ ಸಿಗುವ ಫ್ಲೈಟ್‌ಗಿಯರ್‌ನಿಂದ ಆರಂಭಿಸಿ, ಈಗ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರಿನ 2020ರ ಆವೃತ್ತಿಗೂ ಎಕ್ಸ್‌-ಪ್ಲೇನ್ 12ಕ್ಕೂ ಬಂದು ನಿಂತಿದ್ದೇನೆ. ಮಗಳು ಮಲಗಿದ ಮೇಲೆ, ವಾರಕ್ಕೆ ಮೂರು ರಾತ್ರಿ, ಒಂದೊಂದು ಗಂಟೆ. ಈ ಲೆಕ್ಕವನ್ನು ನೆನಪಿಡಿ. ತೀರ್ಪು ಬಹುಪಾಲು ಇದರ ಮೇಲೆಯೇ ನಿಂತಿದೆ.

ಕೀಬೋರ್ಡ್‌ನಲ್ಲಿ ವಿಮಾನ ಹಾರಿಸುವುದೆಂದರೆ ಸ್ವಿಚ್ ಹಾಕಿ, ತೆಗೆದು, ಮತ್ತೆ ಹಾಕಿ ಫ್ಯಾನಿನ ವೇಗ ಹೊಂದಿಸಿದಂತೆ. ಆರು ತಿಂಗಳು ಅದನ್ನೇ ಮಾಡಿದೆ. ಅಕ್ಕನ ಮಗನ ಗೇಮ್‌ಪ್ಯಾಡ್ ಎರವಲು ತಂದು ನೋಡಿದೆ. ಹೆಬ್ಬೆರಳಿನ ತುದಿಯಿಂದ ಎಪ್ಪತ್ತು ಟನ್ನಿನ ವಿಮಾನ ಇಳಿಸುವುದು ನನ್ನ ವಯಸ್ಸಿಗೆ ಒಪ್ಪಲಿಲ್ಲ.

ಜಾಯ್‌ಸ್ಟಿಕ್ ಸಿಕ್ಕಿದ್ದು ಎಸ್‌.ಪಿ. ರಸ್ತೆಯ ಒಂದು ಸಣ್ಣ ಅಂಗಡಿಯಲ್ಲಿ. ಯಾರೋ ಬಳಸಿ ಬಿಟ್ಟದ್ದು, ಪೆಟ್ಟಿಗೆ ಇಲ್ಲ, ಬಿಲ್ಲೂ ಇಲ್ಲ. ಅಂಗಡಿಯವರು 3,500 ಎಂದರು, ನಾನು ಎರಡು ಸಾವಿರ ಎಂದೆ, 2,800ಕ್ಕೆ ಇಬ್ಬರೂ ಸೋತೆವು. ಅದರೊಳಗಿರುವುದು ಹಾಲ್ ಸೆನ್ಸರ್: ಅಯಸ್ಕಾಂತ ಅಲುಗಿದ್ದನ್ನು ಮುಟ್ಟದೆಯೇ ಅಳೆಯುವ ಬಗೆ. ಹೀಗಾಗಿ ಉಜ್ಜಿ ಸವೆಯುವ ಪ್ರಶ್ನೆ ಇಲ್ಲ. ಹಿಡಿಕೆಯನ್ನು ತಿರುಚಿದರೆ ರಡ್ಡರ್, ಅಂದರೆ ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಬಾಲದ ಪಟ್ಟಿ. ಆ ತಿರುಚುವ ಭಾಗದಲ್ಲಿ ಮಾತ್ರ ಹಳೆಯ ರೇಡಿಯೋದ ವಾಲ್ಯೂಮ್ ಗುಂಡಿಯಂಥ ಪೊಟೆನ್ಷಿಯೋಮೀಟರ್ ಇದ್ದು, ಅದು ಸವೆದಿತ್ತು. ರನ್‌ವೇಯಲ್ಲಿ ಓಡುವಾಗ ವಿಮಾನದ ಮೂತಿ ಕುಡಿದವನಂತೆ ಅತ್ತಿತ್ತ ಹೋಗುತ್ತಿತ್ತು. ಸೆಟ್ಟಿಂಗ್‌ನಲ್ಲಿ ನಡುವಿನ ಶೇ 6ರಷ್ಟು ಚಲನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಂತೆ ಮಾಡಿದೆ, ಸರಿಹೋಯಿತು.

ಇಷ್ಟಕ್ಕೇ ಸುಮ್ಮನಿದ್ದರೆ ಈ ಬರಹ ಹುಟ್ಟುತ್ತಿರಲಿಲ್ಲ. ಜಕ್ಕೂರಿನ ಮೇಲೆ ಪುಟ್ಟ ತರಬೇತಿ ವಿಮಾನವೊಂದು ಸುತ್ತು ಹಾಕುವುದನ್ನು ಬಳ್ಳಾರಿ ರಸ್ತೆಯಿಂದ ಕಂಡ ದಿನ, ಅಂಥದೇ ಪುಟ್ಟ ವಿಮಾನವಾದ ಸೆಸ್ನಾ 172 ಹಾರಿಸಲು ಜಾಯ್‌ಸ್ಟಿಕ್ ಯೋಗ್ಯವಲ್ಲ, ಯೋಕ್ ಇಲ್ಲದ ಸೆಸ್ನಾ ತಾಳಿ ಇಲ್ಲದ ಮದುವೆ ಎನಿಸಿಬಿಟ್ಟಿತು. ಆ ರಾತ್ರಿಯೇ ಹಣ ಕಟ್ಟಿದೆ. ಕಂಪನಿಯ ಹೆಸರು ಬೇಡ, ವಸ್ತುವಿನಲ್ಲಿ ಮೋಸವಿರಲಿಲ್ಲ. ಹಿಡಿದರೆ ಗಟ್ಟಿ, ನೋಡಿದರೆ ಚಂದ, ಜೊತೆಗೆ ಎಂಜಿನ್ ಹತೋಟಿಗೆ ಮೂರು ಸನ್ನೆಗಳ ಥ್ರಾಟಲ್ ಪೆಟ್ಟಿಗೆ.

ತೊಂದರೆ ಇದ್ದದ್ದು ನನ್ನ ಮೇಜಿನಲ್ಲಿ.

ಅದು ಹೆಂಡತಿಯ ಅಜ್ಜನ ಕಾಲದ ತೇಗದ ಮೇಜು. ಮಗಳು ಸಂಜೆ ಅದರ ಮೇಲೆಯೇ ಶಾಲೆಯ ಕೆಲಸ ಮಾಡುತ್ತಾಳೆ. ಹಲಗೆಯ ದಪ್ಪ ಒಂದೂವರೆ ಅಂಗುಲ, ಅಂಚು ದುಂಡಗೆ, ಅಂಚಿನ ಉದ್ದಕ್ಕೂ ಸಣ್ಣ ಬಳ್ಳಿಯ ಕೆತ್ತನೆ, ನಡುವೆ ಒಂದು ಡ್ರಾಯರ್. ಯೋಕ್ ಮೇಜಿಗೆ ಕಚ್ಚಿಕೊಳ್ಳುವುದು ಎರಡು ತಿರುಪುಗಳಿಂದ. ಅವು ಮೇಜಿನ ಅಡಿಯಿಂದ ಮೇಲಕ್ಕೆ ಒತ್ತುತ್ತವೆ. ಒತ್ತುವುದಕ್ಕೆ ಅಡಿಯಲ್ಲಿ ಸಮತಟ್ಟಾದ ಹಲಗೆ ಬೇಕು. ನನ್ನ ಮೇಜಿನಡಿ ಸಿಗುವುದು ಡ್ರಾಯರಿನ ಹೊಟ್ಟೆ. ಎಡಕ್ಕೆ ಸರಿಸಿದರೆ ಡ್ರಾಯರ್ ತಪ್ಪುತ್ತದೆ, ಆದರೆ ಪರದೆ ಬಲಕ್ಕೆ ಉಳಿಯುತ್ತದೆ. ಎರಡು ವಾರ ಕುತ್ತಿಗೆಯನ್ನು ಓರೆ ಮಾಡಿಕೊಂಡು ಇಳಿದೆ. ಮೂರನೆಯ ವಾರ ತಿರುಪು ಬಿಚ್ಚಿದಾಗ ಬಳ್ಳಿಯ ಒಂದು ಎಲೆಯೂ ಜೊತೆಗೇ ಬಂತು. ಅದನ್ನು ಫೆವಿಕಾಲ್ ಹಚ್ಚಿ ಅಂಟಿಸಿ, ಯಾರಿಗೂ ಹೇಳದೆ ಇದ್ದೆ. ಹೆಂಡತಿ ಮರುದಿನ ಬೆಳಗ್ಗೆ ಕಾಫಿ ಲೋಟ ಇಡುವಾಗ ಬೆರಳಿನಲ್ಲಿಯೇ ಕಂಡುಹಿಡಿದಳು.

ಮುಂದಿನ ಉಪಾಯ ಇಸ್ತ್ರಿ ಮೇಜು. ಎತ್ತರ ಹೊಂದಿಸಬಹುದು, ಮಡಚಿಡಬಹುದು, ಯಾರ ಅಜ್ಜನದೂ ಅಲ್ಲ. ದೇವನಹಳ್ಳಿಯ 4,000 ಮೀಟರಿನ ರನ್‌ವೇಗೆ ನಯವಾಗಿ ಬರುತ್ತಿದ್ದೆ. ನೆಲ ಮುಟ್ಟುವ ಮುಂಚೆ ಮೂತಿ ಎತ್ತಲು ಯೋಕ್ ಎಳೆದೆ. ಮೂತಿಯ ಬದಲು ಇಸ್ತ್ರಿ ಮೇಜೇ ನನ್ನ ಮಡಿಲಿಗೆ ಬಂತು.

ಕೊನೆಗೆ ಎಸ್‌ಜೆಪಿ ರಸ್ತೆಯಿಂದ ಎರಡು ಸಿ-ಕ್ಲ್ಯಾಂಪ್ ತಂದು, ಬಡಗಿಯಿಂದ 18 ಮಿಲಿಮೀಟರಿನ ಪ್ಲೈವುಡ್ ಹಲಗೆ ಕೊಯ್ಯಿಸಿದೆ. ಹಲಗೆಯನ್ನು ಮೇಜಿನ ಮೇಲೆ ಮುಂದಕ್ಕೆ ಚಾಚಿದಂತೆ ಇಟ್ಟು, ಅದರ ತುದಿಗೆ ಯೋಕ್ ಕಚ್ಚಿಸುವುದು. ಕೆಲಸವೇನೋ ಮಾಡಿತು. ಆದರೆ ಯೋಕ್ ಎದೆಯ ಮಟ್ಟಕ್ಕೆ ಏರಿ, ಪರದೆಯ ಕೆಳಗಿನ ಕಾಲುಭಾಗ, ಅಂದರೆ ನಾನು ನೋಡಲೇಬೇಕಾದ ವೇಗ, ಎತ್ತರದ ಗಡಿಯಾರಗಳೆಲ್ಲ, ಅದರ ಹಿಂದೆ ಮರೆಯಾದವು. ಕೀಬೋರ್ಡ್ ತೊಡೆಯ ಮೇಲೆ ಬಂತು. ಹಲಗೆ, ಕ್ಲ್ಯಾಂಪ್, ಯೋಕ್, ಥ್ರಾಟಲ್ ಪೆಟ್ಟಿಗೆ ಕೂಡಿಸಲು ಹದಿನೈದು ನಿಮಿಷ, ಬೆಳಗಾಗುವುದರೊಳಗೆ ಬಿಚ್ಚಿಡಲು ಹತ್ತು ನಿಮಿಷ. ಇರುವುದೇ ಒಂದು ಗಂಟೆ. ಜಾಯ್‌ಸ್ಟಿಕ್ ಆದರೆ ಕಪಾಟಿನಿಂದ ತೆಗೆದು ಇಟ್ಟರೆ ಮುಗಿಯಿತು. ಅಡಿಯಲ್ಲಿ ರಬ್ಬರ್ ಇದೆ, ತನ್ನ ಭಾರಕ್ಕೆ ತಾನೇ ಕೂರುತ್ತದೆ.

ಇಷ್ಟೆಲ್ಲ ಆದ ಮೇಲೂ ಯೋಕ್ ಮೇಲಿನ ಮೋಹ ಹೋಗಿರಲಿಲ್ಲ. ಅದನ್ನು ಬಿಡಿಸಿದವರು ಮಾವ. ಎಚ್‌ಎಎಲ್‌ನಲ್ಲಿ ದೀಪಕ್ ತರಬೇತಿ ವಿಮಾನದ ಕಾಲದಿಂದ ದುಡಿದು ನಿವೃತ್ತರಾದವರು. ಒಂದು ಭಾನುವಾರ ಬಂದವರು ಯೋಕ್ ಹಿಡಿದು ಎಳೆದರು, ಬಿಟ್ಟರು, ಮತ್ತೆ ಎಳೆದರು.

"ಅಳಿಯಂದಿರೇ, ಇದರ ಕೇಬಲ್ ಎಲ್ಲಿದೆ?"

"ಯುಎಸ್‌ಬಿ ಕೇಬಲ್ ಹಿಂದುಗಡೆ ಇದೆ, ಮಾವ."

"ಅದನ್ನು ಕೇಳಲಿಲ್ಲ. ವಿಮಾನ ನಿಂತಿರುವಾಗ ನೀವು ಎಲಿವೇಟರನ್ನು ಎಳೆಯುತ್ತೀರಿ. ಹಾರುವಾಗ ಅದು ನಿಮ್ಮನ್ನು ಎಳೆಯುತ್ತದೆ. ಇದು ಯಾರನ್ನೂ ಎಳೆಯುತ್ತಿಲ್ಲವಲ್ಲ?"

ನಿಜವಾದ ಸೆಸ್ನಾದಲ್ಲಿ ಯೋಕ್‌ಗೂ ಮೂತಿಯನ್ನು ಏರಿಳಿಸುವ ಬಾಲದ ಪಟ್ಟಿಯಾದ ಎಲಿವೇಟರ್‌ಗೂ ನಡುವೆ ಉಕ್ಕಿನ ಕೇಬಲ್ ಇರುತ್ತದೆ. ವೇಗ ಹೆಚ್ಚಿದಂತೆ ಗಾಳಿ ಎಲಿವೇಟರನ್ನು ಒತ್ತಿ, ಯೋಕ್ ಕೈಯಲ್ಲಿ ಬಿಗಿಯಾಗುತ್ತದೆ. ವೇಗ ಕುಸಿದು ಸ್ಟಾಲ್, ಅಂದರೆ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯಲಾರದ ಸ್ಥಿತಿ, ಹತ್ತಿರವಾದರೆ ಸಡಿಲವಾಗುತ್ತದೆ. ಟ್ರಿಮ್ ಚಕ್ರ ತಿರುಗಿಸಿದರೆ ಕೈಮೇಲಿನ ಭಾರ ಕರಗಿ, ಯೋಕ್ ಇದ್ದ ಜಾಗದಲ್ಲಿಯೇ ನಿಲ್ಲುತ್ತದೆ. ನನ್ನ ಯೋಕ್‌ನಲ್ಲಿದ್ದದ್ದು ಬರೀ ಸ್ಪ್ರಿಂಗ್. ನಿಂತಿದ್ದರೂ, ಹಾರುತ್ತಿದ್ದರೂ, ಬೀಳುತ್ತಿದ್ದರೂ ಒಂದೇ ಬಿಗಿ. ಟ್ರಿಮ್ ಮಾಡುತ್ತ ಮಾಡುತ್ತ ಯೋಕನ್ನು ಸ್ವಲ್ಪ ಸ್ವಲ್ಪವೇ ನಡುವಿಗೆ ಬಿಟ್ಟುಕೊಡಬೇಕು. ಇಂಥ ಅಭ್ಯಾಸ ಯಾವ ಪೈಲಟ್‌ಗೂ ಬೇಡ. ಜೊತೆಗೆ ಹಿಂದೆ-ಮುಂದೆ ಚಲಿಸುವ ದಂಡ ನಡುವಿನ ಸ್ಥಾನದಲ್ಲಿ ಒಂದು ಸಣ್ಣ ಗುಣಿಗೆ ಇಳಿದು ಕೂರುತ್ತಿತ್ತು. ಅದರಿಂದ ಹೊರಗೆಳೆಯಲು ಕೊಂಚ ಬಲ ಬೇಕು, ಹೊರಬಂದ ಕೂಡಲೇ ಬೇಕಾದ್ದಕ್ಕಿಂತ ಹೆಚ್ಚು ಬರುತ್ತದೆ. ಮೂರು ಡಿಗ್ರಿಯ ಇಳಿಜಾರಿನಲ್ಲಿ 65 ನಾಟ್ ವೇಗದಲ್ಲಿ ಬರುವಾಗ ನಿಮಿಷಕ್ಕೆ ಸುಮಾರು 325 ಅಡಿ ಇಳಿಯಬೇಕು. ನಾನು ಒಮ್ಮೆ 600, ಒಮ್ಮೆ ಸೊನ್ನೆ, ಹೀಗೆ ಮೆಟ್ಟಿಲಿಳಿದಂತೆ ಇಳಿಯುತ್ತಿದ್ದೆ. ಗಾಳಿಯ ಬಲವನ್ನು ಕೈಗೆ ಮುಟ್ಟಿಸುವ ಯೋಕ್‌ಗಳೂ ಮಾರುಕಟ್ಟೆಯಲ್ಲಿವೆ. ಬೆಲೆ ನೋಡಿ ಪುಟ ಮುಚ್ಚಿದೆ.

ಈಗ ಏರ್‌ಬಸ್ ಎ320 ನೋಡಿ. 1988ರಲ್ಲಿ ಸೇವೆಗೆ ಬಂದ ದಿನದಿಂದಲೂ ಅದರ ಪೈಲಟ್ ಹಿಡಿಯುವುದು ಪಕ್ಕದಲ್ಲಿರುವ ಪುಟ್ಟ ಸೈಡ್‌ಸ್ಟಿಕ್. ಅದಕ್ಕೂ ರೆಕ್ಕೆಗೂ ನಡುವೆ ಕೇಬಲ್ ಇಲ್ಲ. ಕೈ ಏನು ಕೇಳಿತೆಂದು ಕಂಪ್ಯೂಟರ್ ಓದಿ, ಹೈಡ್ರಾಲಿಕ್ ಬಲದಿಂದ ರೆಕ್ಕೆಯ ಪಟ್ಟಿಗಳನ್ನು ಅಲುಗಿಸುತ್ತದೆ. ಗಾಳಿಯ ಬಲ ಕೈಗೆ ಮರಳುವುದೇ ಇಲ್ಲ. ಬಿಟ್ಟರೆ ಸ್ಪ್ರಿಂಗ್ ಅದನ್ನು ನಡುವಿಗೆ ತರುತ್ತದೆ, ವಿಮಾನ ಹಿಡಿದ ದಾರಿಯನ್ನೇ ಹಿಡಿದು ಹೋಗುತ್ತದೆ, ಟ್ರಿಮ್ ತಾನಾಗಿ ಆಗುತ್ತದೆ. ನಮ್ಮ ಪಕ್ಕದ ರನ್‌ವೇಯಿಂದಲೇ 2001ರ ಜನವರಿ 4ರಂದು ಮೊದಲ ಸಲ ಮೇಲೇರಿದ ತೇಜಸ್ ಕೂಡ ಇದೇ ಫ್ಲೈ-ಬೈ-ವೈರ್ ಜಾತಿಯದು. ಅಂದರೆ 2,800 ರೂಪಾಯಿಯ ನನ್ನ ಸ್ಪ್ರಿಂಗಿನ ಕೋಲು ಏರ್‌ಬಸ್‌ನ ಸೈಡ್‌ಸ್ಟಿಕ್‌ಗೆ ಎಷ್ಟು ಹತ್ತಿರವೋ, 19,500ರ ಯೋಕ್ ಸೆಸ್ನಾದ ಯೋಕ್‌ಗೆ ಅಷ್ಟು ಹತ್ತಿರವಿಲ್ಲ. ಇದು ಹೊಳೆದ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಅರ್ಧ ಸಂತೋಷಕ್ಕೆ, ಅರ್ಧ ಹಣದ ಸಂಕಟಕ್ಕೆ.

ದೇವನಹಳ್ಳಿಯಲ್ಲಿ ನಾನು ಹೆಚ್ಚು ನೋಡುವುದೂ ಎ320 ಬಳಗವನ್ನೇ. ಮೈಕ್ರೋಸಾಫ್ಟ್‌ನ ಸಿಮ್ಯುಲೇಟರಿಗೆ ಹವ್ಯಾಸಿಗಳೇ ಕಟ್ಟಿ ಉಚಿತವಾಗಿ ಹಂಚುತ್ತಿರುವ ಎ320 ನಿಯೋ ಕೂಡ ಇದೆ. ಒಂದೇ ಕೊರತೆ: ಕ್ಯಾಪ್ಟನ್ ಕೂರುವುದು ಎಡಗಡೆ, ಸೈಡ್‌ಸ್ಟಿಕ್ ಅವರ ಎಡಗೈಗೆ. ನನ್ನ ಜಾಯ್‌ಸ್ಟಿಕ್‌ನ ಹಿಡಿಕೆ ಬಲಗೈಯವರಿಗಾಗಿ ಕಡೆದದ್ದು. ಹಾಗಾಗಿ ನಾನು ಎಂದೆಂದಿಗೂ ಸಹ ಪೈಲಟ್. ಮನೆಯಲ್ಲಿಯೂ ಅದೇ ಹುದ್ದೆ ಆದ್ದರಿಂದ ಬೇಸರವಿಲ್ಲ.

ಯೋಕ್ ಪರವಾಗಿಯೂ ಎರಡು ಮಾತು ಹೇಳಬೇಕು. ಜೊತೆಗೆ ಬಂದ ಥ್ರಾಟಲ್ ಪೆಟ್ಟಿಗೆಯ ಕೆಂಪು ಸನ್ನೆ ಬಹಳ ಉಪಯೋಗಕ್ಕೆ ಬಂತು. ಅದು ಎಂಜಿನ್‌ಗೆ ಹೋಗುವ ಪೆಟ್ರೋಲಿನ ಪ್ರಮಾಣಕ್ಕೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ, ಗಾಳಿ ತೆಳು. ಸೆಸ್ನಾ 172ರ ಕೈಪಿಡಿಯೂ 3,000 ಅಡಿ ದಾಟಿದ ನಿಲ್ದಾಣಗಳಿಂದ ಏರುವ ಮುನ್ನ ಗಾಳಿಯ ಜೊತೆ ಬೆರೆಯುವ ಪೆಟ್ರೋಲನ್ನು ಕಡಿಮೆ ಮಾಡಲು ಹೇಳುತ್ತದೆ. ಚೆನ್ನೈಯಿಂದ ಏರಿದಂತೆ ಇಲ್ಲಿಂದ ಏರಲು ಹೋದರೆ ಎಂಜಿನ್ ಕೊಸರಾಡುತ್ತದೆ. ಕೈಯಲ್ಲಿ ಸನ್ನೆ ಇದ್ದಾಗ ಇದು ಅರ್ಥವಾಗುತ್ತದೆ, ಕೀಲಿ ಒತ್ತುವಾಗ ಆಗುವುದಿಲ್ಲ. ಇನ್ನೊಂದು, ಎರಡೂ ಕೈಯಲ್ಲಿ ಯೋಕ್ ಹಿಡಿದು ಕೂತ ಗತ್ತು. ಆ ಗತ್ತಿಗೆ ಜಾಯ್‌ಸ್ಟಿಕ್‌ನಲ್ಲಿ ಉತ್ತರವಿಲ್ಲ.

ರಡ್ಡರ್ ಅಲುಗಿಸುವ ಕಾಲಿನ ಪೆಡಲ್‌ಗಳನ್ನು ಸ್ನೇಹಿತರೊಬ್ಬರಿಂದ ಒಂದು ತಿಂಗಳ ಮಟ್ಟಿಗೆ ತಂದಿದ್ದೆ. ಟೈಲ್ಸ್ ನೆಲ, ಗಾಲಿ ಕುರ್ಚಿ: ಎಡಪೆಡಲ್ ಒತ್ತಿದರೆ ನಾನೇ ಹಿಂದಕ್ಕೆ ಹೋಗುತ್ತಿದ್ದೆ. ಕುರ್ಚಿಯ ಗಾಲಿಗಳಿಗೆ ಹಳೆಯ ಹವಾಯಿ ಚಪ್ಪಲಿ ತೊಡಿಸಿದ ಮೇಲೆ ನಿಂತಿತು.

ಕರೆಂಟ್ ಹೋದಾಗ ಎಲ್ಲವೂ ಸಮಾನ.

ಬಾಹ್ಯಾಕಾಶದ ವಿಷಯ ಬಂದರೆ ಎರಡೂ ಸೋಲುತ್ತವೆ, ನಾನು ಅಷ್ಟು ಹೀಯಾಳಿಸಿದ ಕೀಬೋರ್ಡ್ ಗೆಲ್ಲುತ್ತದೆ. 2024ರ ಡಿಸೆಂಬರ್ 30ರಂದು ಪಿಎಸ್‌ಎಲ್‌ವಿ-ಸಿ60 ಹೊತ್ತೊಯ್ದ ಇಸ್ರೋದ ಸ್ಪೇಡೆಕ್ಸ್ ಜೋಡಿ, ತಲಾ ಸುಮಾರು 220 ಕಿಲೋ ತೂಕದ ಎರಡು ಉಪಗ್ರಹಗಳು, ಕೆಲವು ಸಲ ಮುಂದೂಡಿಕೆಯಾಗಿ, 2025ರ ಜನವರಿ 16ರಂದು ಒಂದಕ್ಕೊಂದು ಸೇರಿಕೊಂಡವು. ಆ ವಾರವಿಡೀ ನಾನು ಕೆರ್ಬಲ್ ಸ್ಪೇಸ್ ಪ್ರೋಗ್ರಾಂ ಎಂಬ ರಾಕೆಟ್ ಆಟದಲ್ಲಿ ಅದನ್ನೇ ಮಾಡಲು ಕೂತಿದ್ದೆ. ಜಾಯ್‌ಸ್ಟಿಕ್ ಹಿಡಿದಾಗ ಪ್ರತಿ ಸಲವೂ ಹೆಚ್ಚು ತಳ್ಳಿ, ಗುರಿ ದಾಟಿ, ಮತ್ತೆ ಹಿಂದಕ್ಕೆ. ಕಕ್ಷೆಯಲ್ಲಿ ನಿಲ್ಲಿಸಲು ಗಾಳಿಯಿಲ್ಲ; ಒಮ್ಮೆ ತಟ್ಟಿ, ಕೈ ಕಟ್ಟಿ, ಕಾಯಬೇಕು. ತಟ್ಟಿ ಕಾಯುವುದಕ್ಕೆ ಕೀಲಿಗಿಂತ ಒಳ್ಳೆಯದು ಯಾವುದಿದೆ? ಎಂಟನೆಯ ಪ್ರಯತ್ನದಲ್ಲಿ ನನ್ನ ಜೋಡಿಯೂ ಸೇರಿತು. ರಾತ್ರಿ ಒಂದು ಗಂಟೆ. ಚಪ್ಪಾಳೆ ತಟ್ಟಲು ಯಾರೂ ಎದ್ದಿರಲಿಲ್ಲ.

ಇನ್ನು ತೀರ್ಪು. ನಿಮಗೆ ಪ್ರತ್ಯೇಕ ಕೋಣೆ ಇದ್ದು, ಡ್ರಾಯರ್ ಇಲ್ಲದ ಚಪ್ಪಟೆ ಮೇಜು ಇದ್ದು, ಬಿಚ್ಚಿಡುವ ತಾಪತ್ರಯವಿಲ್ಲದೆ, ಪ್ರೀತಿ ಸೆಸ್ನಾ ಅಥವಾ ಬೋಯಿಂಗ್ ಮೇಲಿದ್ದರೆ ಯೋಕ್ ತೆಗೆದುಕೊಳ್ಳಿ; ಕೊಳ್ಳುವ ಮುನ್ನ ಅಂಗಡಿಯಲ್ಲಿಯೋ ಪರಿಚಯದವರ ಮನೆಯಲ್ಲಿಯೋ ದಂಡವನ್ನು ನಡುವಿನಲ್ಲಿ ನಾಲ್ಕು ಸಲ ಮೆಲ್ಲಗೆ ಆಡಿಸಿ ನೋಡಿ. ನನ್ನಂತೆ ಊಟದ ನಂತರದ ಒಂದು ಗಂಟೆಯವರಿಗೆ ಹಾಲ್ ಸೆನ್ಸರಿನ ಹಳೆಯ ಜಾಯ್‌ಸ್ಟಿಕ್ ಸಾಕು. ಮಿಕ್ಕ ಹಣಕ್ಕೆ ಒಂದು 8×42 ದುರ್ಬೀನು ಬರುತ್ತದೆ. ನಾನು ಅದನ್ನೇ ಮಾಡಿದೆ, ತಿರುಗುಮುರುಗಾಗಿ, ನಷ್ಟ ಅನುಭವಿಸಿದ ಮೇಲೆ.

ಯೋಕ್ 12,500ಕ್ಕೆ ಹೋಯಿತು. ಕೊಳ್ಳಲು ಬಂದವನು ವಿದ್ಯಾರಣ್ಯಪುರದ ಕಾಲೇಜು ಹುಡುಗ. ಹಣ ಎಣಿಸುವ ಮುಂಚೆ ನಾನೇ ಅವನ ಮೇಜಿನ ಫೋಟೋ ತೋರಿಸಲು ಹೇಳಿದೆ. ಉಕ್ಕಿನ ಕಾಲು, ತೆಳುವಾದ ಹಲಗೆ, ಡ್ರಾಯರ್ ಇಲ್ಲ. "ನಿನಗೆ ಒಳ್ಳೆಯದಾಗಲಿ" ಎಂದು ಕೊಟ್ಟು ಕಳುಹಿಸಿದೆ. ಪ್ಲೈವುಡ್ ಹಲಗೆಯನ್ನೂ ತೆಗೆದುಕೊಂಡು ಹೋಗು ಎಂದರೆ ಬೈಕಿನಲ್ಲಿ ಹಿಡಿಸುವುದಿಲ್ಲ ಎಂದ. ಹೆಂಡತಿ ಅದನ್ನು ತಾರಸಿಗೆ ಒಯ್ದಿದ್ದಾಳೆ. ಈ ಬೇಸಗೆಯಲ್ಲಿ ಅದರ ಮೇಲೆ ಸಂಡಿಗೆ ಒಣಗಿತು; ಅಡಿಗೆ ಹಾಸಿದ ಪ್ಲಾಸ್ಟಿಕ್ ಹಾಳೆ ಗಾಳಿಗೆ ಹಾರದಂತೆ ಎರಡು ತುದಿಗೆ ಎರಡು ಸಿ-ಕ್ಲ್ಯಾಂಪ್.