ಅಪ್ಪನ ಬಿಪಿ, ಏಜೆಂಟ್ ಹಾಕಿದ ಒಂದು ಟಿಕ್, ಕಪಾಟಿನಲ್ಲೇ ಉಳಿದ ಆಯುಷ್ಮಾನ್ ಕಾರ್ಡ್

ಮನೆಯಲ್ಲಿ ವಯಸ್ಸಾದವರಿದ್ದರೆ ದಯವಿಟ್ಟು ಪೂರ್ತಿ ಓದಿ. ನಮ್ಮ ಮನೆ ಬ್ರಹ್ಮಾವರದ ಹತ್ತಿರ, ನಾನು ಕೆಲಸಕ್ಕೆ ಇರುವುದು ಮಂಗಳೂರಲ್ಲಿ. 2025ರ ಜುಲೈಯಲ್ಲಿ ಅಪ್ಪನಿಗೆ ಸ್ಟೆಂಟ್ ಹಾಕಿಸಬೇಕಾಯಿತು. ಅಪ್ಪ ಈಗ ಚೆನ್ನಾಗಿದ್ದಾರೆ. ಆದರೆ ಮೂರು ಕಂತಲ್ಲಿ 84,500 ರೂಪಾಯಿ ಪ್ರೀಮಿಯಂ ಕಟ್ಟಿದ ಖಾಸಗಿ ಪಾಲಿಸಿ ಉಂಟು, 5 ಲಕ್ಷದ ಸರ್ಕಾರಿ ಕಾರ್ಡೂ ಉಂಟು, ಎರಡೂ ಇದ್ದು 2,38,000 ರೂಪಾಯಿ ಬಿಲ್ ಪೂರ್ತಿ ನಾವೇ ಕಟ್ಟಿದೆವು. ಅಮ್ಮನ ಬಳೆ ಈಗಲೂ ಸೊಸೈಟಿಯಲ್ಲಿ ಅಡವಿದೆ.

ಮೂರು ವರ್ಷದ ಹಿಂದೆ ನಮ್ಮ ಮನೆಯಲ್ಲಿ ಸರ್ಕಾರಿ ಕಾರ್ಡ್ ಸಾಕಾ, ಖಾಸಗಿ ಪಾಲಿಸಿ ಬೇಕಾ ಅಂತ ಚರ್ಚೆ. ಅಪ್ಪ ಅಮ್ಮನದು ಬಿಪಿಎಲ್ ಕಾರ್ಡ್. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಅಂಥ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ, ಪ್ರೀಮಿಯಂ ಇಲ್ಲ. "ಬಿಟ್ಟಿ ಸಿಗುವುದಕ್ಕೆ ಬೆಲೆ ಇಲ್ಲ, ಆ ಕಾರ್ಡ್ ತೋರಿಸಿದ್ರೆ ಮೂಲೆಗೆ ತಳ್ತಾರೆ, ನೀನು ಖಾಸಗಿ ಪಾಲಿಸಿ ಮಾಡು" ಅಂದರು ಬಾವ. ಅವರದ್ದು ಕೆಟ್ಟ ಉದ್ದೇಶ ಅಲ್ಲ. ನನಗೂ ಹೌದು ಅನಿಸಿತು. ಆದರೆ ಬಿಟ್ಟಿ ಎನ್ನುವ ಮಾತು ಮಾತ್ರ ತಪ್ಪು. ಆಯುಷ್ಮಾನ್ ಯೋಜನೆಗೆ ಕೇಂದ್ರ 60, ರಾಜ್ಯ 40 ಅಂತ ಪಾಲು ಹಾಕುವುದು ನಾವು ಕಟ್ಟಿದ ತೆರಿಗೆಯಿಂದಲೇ ಅಲ್ವಾ?

ಊರಿನವರೇ ಆದ ಒಬ್ಬ ಏಜೆಂಟ್ ಮನೆಗೆ ಬಂದರು. ಇಬ್ಬರಿಗೂ ಸೇರಿ 3 ಲಕ್ಷದ ಪಾಲಿಸಿ. ಮೊದಲ ವರ್ಷ 24,000, ಎರಡನೇ ವರ್ಷ 27,500, ಮೂರನೇ ವರ್ಷ 33,000. ಆಗ ಅದರ ಒಳಗೆ 18% ಜಿಎಸ್‌ಟಿಯೂ ಇತ್ತು (2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿಗೆ ಅದು ಇಲ್ಲ).

ಅಪ್ಪ ಹತ್ತು ವರ್ಷದಿಂದ ಬಿಪಿ ಮಾತ್ರೆ ತಿನ್ನುತ್ತಾರೆ. ಅದನ್ನು ಏಜೆಂಟ್‌ಗೆ ಹೇಳಿದ್ದೆವು, ನಾನು ಪಕ್ಕದಲ್ಲೇ ಕೂತಿದ್ದೆ. "ಬಿಪಿ ಯಾರಿಗಿಲ್ಲ ಮಾರಾಯ್ರೆ, ಅದೆಲ್ಲ ಬರೆದ್ರೆ ಸುಮ್ನೆ ತೊಂದರೆ" ಅಂದರು. ಸಹಿ ಮಾಡುವ ಕಡೆ ಪೆನ್ಸಿಲ್ ಗುರುತು ಹಾಕಿ ಕೊಟ್ಟರು, ಅಪ್ಪ ಸಹಿ ಹಾಕಿದರು.

ಜುಲೈಯಲ್ಲಿ ಅಪ್ಪನಿಗೆ ನಡೆದರೆ ಎದೆ ಹಿಡಿದ ಹಾಗೆ ಆಗುತ್ತಿತ್ತು. ಆಂಜಿಯೋಗ್ರಾಮ್‌ನಲ್ಲಿ ಬ್ಲಾಕ್ ಕಂಡಿತು. ಒಂದು ವಾರದೊಳಗೆ ಸ್ಟೆಂಟ್ ಹಾಕಿಸಿ ಅಂದರು ಡಾಕ್ಟರು. ಆಸ್ಪತ್ರೆಯ ಕೌಂಟರ್‌ನಲ್ಲಿ "ಇನ್ಶೂರೆನ್ಸ್ ಉಂಟಾ" ಅಂತ ಕೇಳಿದರು. ಉಂಟು ಅಂದೆ, ಖಾಸಗಿ ಪಾಲಿಸಿಯ ಕಾರ್ಡ್ ಕೊಟ್ಟೆ. ನೋಡಲು ಬರುವವರು ಜಾಸ್ತಿ ಅಂತ ದಿನಕ್ಕೆ 6,000ದ ಎಸಿ ರೂಮ್ ತಗೊಂಡೆವು. ಆಯುಷ್ಮಾನ್ ಕಾರ್ಡಿನವರಿಗೆ ಆಸ್ಪತ್ರೆಯಲ್ಲಿ ಸಹಾಯ ಮಾಡುವವರು ಆರೋಗ್ಯಮಿತ್ರರು, ಆ ಬೋರ್ಡಿನ ಮೇಜು ಅದೇ ಹಾಲ್‌ನಲ್ಲಿತ್ತು. ನಾನು ಅದರ ಎದುರಿನಿಂದಲೇ ನಾಲ್ಕು ಸಲ ಓಡಾಡಿದ್ದೇನೆ.

ಶನಿವಾರ ಡಿಸ್ಚಾರ್ಜ್. ಅಪ್ಪ ಬಿಳಿ ಪಂಚೆ ಉಟ್ಟು, ಕೈಯಲ್ಲಿ ಸೂಜಿ ತೆಗೆದ ಜಾಗಕ್ಕೆ ಹತ್ತಿ ಅಂಟಿಸಿಕೊಂಡು, ಚೀಲ ಮಡಿಲಲ್ಲಿಟ್ಟು ಮಧ್ಯಾಹ್ನದಿಂದ ಮಂಚದ ತುದಿಯಲ್ಲಿ ಕೂತಿದ್ದರು. ಮೊದಲ ದಿನ ವಿಮಾ ಕಂಪನಿಯಿಂದ 90,000ಕ್ಕೆ ಒಪ್ಪಿಗೆ ಬಂದಿತ್ತು. ಸಂಜೆ ಏಳಕ್ಕೆ ಅದನ್ನೂ ವಾಪಸ್ ತಗೊಂಡರು. ಡಾಕ್ಟರು ಕೇಸ್ ಶೀಟಿನಲ್ಲಿ "ಬಿಪಿ, 10 ವರ್ಷದಿಂದ" ಅಂತ ಬರೆದಿದ್ದರು, ಅವರು ನಿಜವನ್ನೇ ಬರೆದದ್ದು. ಅರ್ಜಿಯಲ್ಲಿ ಬಿಪಿ ಇಲ್ಲ ಅಂತ ಇದೆ, ಕ್ಲೇಮ್ ತಿರಸ್ಕಾರ. "ಎಂತ ಆಯ್ತು ಮಗಾ, ಹೋಗುವನಾ?" ಅಂತ ಅಪ್ಪ ಕೇಳುತ್ತಲೇ ಇದ್ದರು. ಹಣ ಹೊಂದಿಸಿ ಹೊರಡುವಾಗ ಸೋಮವಾರ ಮಧ್ಯಾಹ್ನ. ಆ ಎರಡು ದಿನದ ರೂಮ್ ಬಾಡಿಗೆಯೂ ಬಿಲ್ಲಿಗೆ ಸೇರಿತು.

ಮನೆಗೆ ಬಂದು ಪಾಲಿಸಿಯ ಲಕೋಟೆ ತೆಗೆದೆ. ಅರ್ಜಿಯ ಪ್ರತಿ ಅದರೊಳಗೇ ಇತ್ತು, ಮೂರು ವರ್ಷ ನಾನು ಮೊದಲ ಪುಟ ದಾಟಿರಲಿಲ್ಲ. ಬಿಪಿ ಸಾಲಿನ ಎದುರು "ಇಲ್ಲ" ಎನ್ನುವ ಚೌಕದಲ್ಲಿ ಟಿಕ್. ಕೆಳಗೆ ಅಪ್ಪನ ಸಹಿ, ಅವರು ಯಾವಾಗಲೂ ಮಾಡುವ ಹಾಗೆ ಕೊನೆಯ ಅಕ್ಷರ ಗೆರೆಯಿಂದ ಕೆಳಗೆ ಇಳಿದಿದೆ. ಟಿಕ್ ಏಜೆಂಟರದ್ದು, ಸಹಿ ನಮ್ಮದು. ಕಂಪನಿ ನೋಡುವುದು ಸಹಿಯನ್ನು.

ಇನ್ನೂ ಒಂದು ಗೊತ್ತಾಯಿತು. ಕ್ಲೇಮ್ ಒಪ್ಪಿದ್ದರೂ ಪೂರ್ತಿ ಸಿಗುತ್ತಿರಲಿಲ್ಲ. ನಮ್ಮ ಪಾಲಿಸಿಯಲ್ಲಿ ರೂಮ್ ಬಾಡಿಗೆ ಮಿತಿ ಪಾಲಿಸಿ ಮೊತ್ತದ 1%, ಅಂದರೆ ದಿನಕ್ಕೆ 3,000. ನಾವು ಇದ್ದದ್ದು 6,000ದ ರೂಮಲ್ಲಿ. ಆಗ ಬಾಡಿಗೆಯ ವ್ಯತ್ಯಾಸ ಮಾತ್ರ ನಮ್ಮ ತಲೆಗೆ ಬರುವುದಲ್ಲ, ಡಾಕ್ಟರ್ ಫೀಸು, ಓಟಿ ಚಾರ್ಜು ಅಂಥವೂ ಅದೇ ಲೆಕ್ಕದಲ್ಲಿ ಅರ್ಧ ಕಡಿತ. ಔಷಧಿಗೆ, ಸ್ಟೆಂಟ್‌ನಂಥವಕ್ಕೆ ಈ ಕಡಿತ ಹಾಕುವ ಹಾಗಿಲ್ಲ. ನಿಮ್ಮ ಪಾಲಿಸಿಯಲ್ಲಿ ಈ ಮಿತಿ ಎಷ್ಟು ಅಂತ ಇವತ್ತೇ ನೋಡಿ.

ಸರ್ಕಾರಿ ಕಾರ್ಡಿನ ವಿಷಯ ಇನ್ನೂ ಹೊಟ್ಟೆ ಉರಿಯುತ್ತದೆ. ಆ ಆಸ್ಪತ್ರೆ ಯೋಜನೆಯ ಪಟ್ಟಿಯಲ್ಲಿತ್ತು. ತುರ್ತು ಅಲ್ಲದ ದೊಡ್ಡ ಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು, ನಮಗಾದರೆ ಉಡುಪಿಯ ಅಜ್ಜರಕಾಡು ಜಿಲ್ಲಾಸ್ಪತ್ರೆ, ಮಂಗಳೂರಿನವರಿಗೆ ವೆನ್‌ಲಾಕ್ ಆಸ್ಪತ್ರೆ. ಒಂದು ವಾರ ಸಮಯ ಇತ್ತು, ಹೋಗಿ ಕೇಳಬಹುದಿತ್ತು. ಬಿಲ್ ಕಟ್ಟಿದ ಮೇಲೆ ಆರೋಗ್ಯಮಿತ್ರರ ಹತ್ತಿರ ಹೋದಾಗ ಅವರು ಬೇಜಾರು ಮಾಡಿಕೊಂಡೇ ಹೇಳಿದರು, ಇದು ನಗದುರಹಿತ ಯೋಜನೆ, ಕಟ್ಟಿದ ಹಣ ವಾಪಸ್ ಕೊಡುವ ದಾರಿ ಇಲ್ಲ, ದಾಖಲಾಗುವಾಗಲೇ ಹೇಳಬೇಕಿತ್ತು ಅಂತ.

ಹಾಗಂತ ಸರ್ಕಾರಿದೇ ಸಾಕು ಅಂತ ನಾನು ಹೇಳುವುದಿಲ್ಲ. ಪಕ್ಕದ ಮನೆಯ ಅಕ್ಕನಿಗೆ ಹೃದಯದ ವಾಲ್ವ್ ಆಪರೇಷನ್ ಇದೇ ಕಾರ್ಡಲ್ಲಿ ಆಯಿತು, ಕಟ್ಟಿದ್ದು ಸೊನ್ನೆ. ಆದರೆ ಆಧಾರ್‌ನಲ್ಲಿ ಒಂದು ಹೆಸರು, ರೇಷನ್ ಕಾರ್ಡಲ್ಲಿ ಇನ್ನೊಂದು ಅಂತ ಅವರ ಮಗ ಅಜ್ಜರಕಾಡಿಗೆ ಮೂರು ಸಲ ಹೋಗಬೇಕಾಯಿತು, ಮೂರು ದಿನದ ಕೂಲಿ ಹೋಯಿತು. ಜನರಲ್ ವಾರ್ಡಲ್ಲಿ ಮಲಗಬೇಕು. ಎಪಿಎಲ್ ಕುಟುಂಬವಾದರೆ ಪ್ಯಾಕೇಜ್ ದರದ 30% ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದವರೆಗೆ. ಅಂಥವರಿಗೆ ಖಾಸಗಿ ಪಾಲಿಸಿ ಬೇಕೇ ಬೇಕು. ಬಾವನೂ ನಾನೂ ಮಾಡಿದ ತಪ್ಪು ಅಂದರೆ ಇದು ಒಳ್ಳೆಯದಾ ಅದು ಒಳ್ಳೆಯದಾ ಅಂತ ವಾದ ಮಾಡಿದೆವೇ ಹೊರತು ಎರಡರ ಷರತ್ತನ್ನೂ ಓದಲಿಲ್ಲ.

ಅರ್ಜಿಯಲ್ಲಿ ಬಿಪಿ ಬರೆದಿದ್ದರೆ ಎಂತ ಆಗುತ್ತಿತ್ತು? ಪ್ರೀಮಿಯಂ ಸ್ವಲ್ಪ ಏರುತ್ತಿತ್ತೋ ಏನೋ, ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ, ಅಂದರೆ ಆ ಕಾಯಿಲೆಗೆ ಕ್ಲೇಮ್ ಸಿಗದ ಆರಂಭದ ಕಾಲ, ಇರುತ್ತಿತ್ತು. 2024ರ ನಿಯಮದಂತೆ ಅದು 36 ತಿಂಗಳು ಮೀರುವಂತಿಲ್ಲ. ಅಷ್ಟೇ. ಪಾಲಿಸಿ ಕೈಗೆ ಬಂದ 30 ದಿನದೊಳಗೆ ಇಷ್ಟವಾಗದಿದ್ದರೆ ವಾಪಸ್ ಮಾಡಬಹುದು. ಆ ದಿನಗಳಲ್ಲಿ ಅರ್ಜಿಯ ಪ್ರತಿ ತೆಗೆದು ಓದಿ, ತಪ್ಪಿದ್ದರೆ ಬರಹದಲ್ಲೇ ತಿದ್ದಿಸಿ.

ಕಂಪನಿಗೆ ದೂರು ಕೊಟ್ಟೆವು, ಅದೇ ಉತ್ತರ ಬಂತು. ಈಗ ವಿಮಾ ಕಂಪನಿಗಳ ಮೇಲಿನ ದೂರು ವಿಚಾರಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಬರೆದಿದ್ದೇವೆ. ಅದಕ್ಕೆ ಫೀಸಿಲ್ಲ, ವಕೀಲರೂ ಬೇಡ. ಕಂಪನಿ ಇಲ್ಲ ಅಂದ ಮೇಲೆ ಒಂದು ವರ್ಷದೊಳಗೆ ಹಾಕಬೇಕು. ವಿಚಾರಣೆಯ ದಿನ ಇನ್ನೂ ಬಂದಿಲ್ಲ. ಅಪ್ಪನ ಆಯುಷ್ಮಾನ್ ಕಾರ್ಡನ್ನು ಕಪಾಟಿನಿಂದ ತೆಗೆದು ಬಿಪಿ ಮಾತ್ರೆಯ ಡಬ್ಬಿಯಲ್ಲೇ ಇಟ್ಟಿದ್ದೇನೆ, ಎಲ್ಲಿಗೆ ಹೋದರೂ ಆ ಡಬ್ಬಿ ಅವರ ಜೊತೆಗೇ ಹೋಗುತ್ತದೆ.