ಒನಿಗಿರಿಯೋ, ಮೊಟ್ಟೆಯ ಸ್ಯಾಂಡ್‌ವಿಚ್ಚೋ?

ಜಪಾನಿನಲ್ಲಿದ್ದಾಗ ರಾತ್ರಿ ಕೆಲಸ ಮುಗಿಸಿ ಕೊಂಬಿನಿಗೆ, ಅಂದರೆ ಅಲ್ಲಿನ 24 ಗಂಟೆಯ ಅಂಗಡಿಗೆ, ಹೋದಾಗಲೆಲ್ಲ ನನ್ನ ಕೈ ಈ ಎರಡರ ನಡುವೆ ತಡವರಿಸುತ್ತಿತ್ತು.

ಒನಿಗಿರಿ ತ್ರಿಕೋನಾಕಾರದ ಅನ್ನದ ಉಂಡೆ. ಅದರ ಹೊದಿಕೆಯ ಜಾಣ್ಮೆಗೆ ಈಗಲೂ ತಲೆದೂಗುತ್ತೇನೆ: ಅನ್ನಕ್ಕೂ ನೋರಿ ಎಂಬ ಕಡಲಪಾಚಿಯ ಹಾಳೆಗೂ ನಡುವೆ ಪ್ಲಾಸ್ಟಿಕ್ ಪದರವಿರುತ್ತದೆ. 1, 2, 3 ಎಂದು ಗುರುತಿಸಿದ ಕ್ರಮದಲ್ಲಿ ಎಳೆದರೆ ಪದರ ಜಾರಿ, ನೋರಿ ಗರಿಗರಿಯಾಗಿಯೇ ಅನ್ನವನ್ನು ಅಪ್ಪುತ್ತದೆ. ಒಳಗೆ ಹುಳಿ-ಉಪ್ಪಿನ ಉಮೆಬೋಶಿ ಹಣ್ಣಿದ್ದರೆ ನನಗೆ ಬೇರೇನೂ ಬೇಡ. ಹಸಿದವರು ಇದನ್ನೇ ಆರಿಸಲಿ.

ಸ್ಯಾಂಡ್‌ವಿಚ್ಚಿನದು ಬರೀ ಮೃದುತ್ವ: ಅಂಚು ತೆಗೆದ ಬಿಳಿ ಬ್ರೆಡ್ಡು, ಮೇಯನೇಸ್ ಬೆರೆತ ಮೊಟ್ಟೆ. ಖಾರ ಬಯಸುವವರಿಗೆ ಸಪ್ಪೆಯೆನಿಸಬಹುದು. ಆದರೆ ಮೀನು ತಿನ್ನದವರು ಒನಿಗಿರಿಯ ಲೇಬಲ್ ಓದಲೇಬೇಕು. ಉಮೆಬೋಶಿಯಲ್ಲೂ ಮೀನಿನ ಸಾರ ಸೇರಿರುವುದುಂಟು.